ಮೆಲ್ಲಗೆ ಉಸಿರು ಬಿಡಿ

ರಬ್ಬರ್ ಬೊಂಬೆಯ ಗಂಟಲು ಹರಿದಾಗ ಒದ್ದೆ ಬಟ್ಟೆ ಸೀಳಿದಂಥ ಸದ್ದಾಯಿತು. ಗುಂಡ್ಲುಪೇಟೆ ಕಡೆಯಿಂದ ಬಂದಿದ್ದ ಹೊಸ ವೈದ್ಯ ಸ್ಕೋಪನ್ನು ಹಿಡಿದುಕೊಂಡೇ ನನ್ನತ್ತ ತಿರುಗಿದ. ಊಟಿಯ ಆ ಚಳಿಯಲ್ಲೂ ಅವನ ಹಣೆಯ ಮೇಲೆ ಬೆವರಿತ್ತು.

"ಒಳಕ್ಕೆ ಹೋಯ್ತು ಮೇಡಂ."

"ಯಾವುದರ ಒಳಕ್ಕೆ?"

ಅವನು ಪರದೆ ನೋಡಿದ. ಅಲ್ಲಿ ಶ್ವಾಸನಾಳದ ಬಳೆಗಳು ಕಾಣಬೇಕಿತ್ತು. ಕಂಡದ್ದು ಹಳದಿ ಸ್ಪಂಜು, ಬೊಂಬೆಯ ಕುತ್ತಿಗೆಯಲ್ಲಿ ತುಂಬಿದ್ದು.

"ಇವನಿಗೆ ಜೀವ ಇದ್ದಿದ್ದರೆ ಈಗ ನೀವು ಅವನ ಮಾಂಸದೊಳಗೆ ಇರ್ತಿದ್ರಿ," ಎಂದೆ.

ಹಿಂದೆ ನಿಂತಿದ್ದ ಆಪರೇಷನ್ ಥಿಯೇಟರಿನ ಸಿಸ್ಟರ್, ಗೂಡಲೂರಿನ ಮಲಯಾಳಿ, ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರು. "ಪರವಾಗಿಲ್ಲ ಡಾಕ್ಟರೇ. ಬೊಂಬೆಗೆ ಅಣ್ಣತಮ್ಮಂದಿರಿಲ್ಲ. ಯಾರೂ ಹೊಡೆಯೋಕೆ ಬರಲ್ಲ."

ಇಬ್ಬರು ಹೊಸ ವೈದ್ಯರಿಗೆ ಈ ಕೆಲಸ ಕಲಿಸುವ ಹೊಣೆ ಆಗ ನನ್ನ ಮೇಲಿತ್ತು. ನಾನು ಅರಿವಳಿಕೆ ವೈದ್ಯೆ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯನ್ನು ನಿದ್ದೆಗೆ ಕಳಿಸಿ, ಬಾಯಿ ತೆರೆದು, ಉಸಿರಾಟದ ಟ್ಯೂಬನ್ನು ಶ್ವಾಸನಾಳಕ್ಕೆ ಇಳಿಸುವುದು ನಮ್ಮ ದಿನನಿತ್ಯದ ಕೆಲಸ. ಆದರೆ ಕೆಲವರ ಬಾಯಿ ತೆರೆಯುವುದೇ ಇಲ್ಲ. ದವಡೆ ಮುರಿದವರು, ಮುಖ ಬಾತವರು, ಕರಡಿಯ ಕೈಗೆ ಸಿಕ್ಕವರು. ಅಂಥವರನ್ನು ಮೊದಲೇ ನಿದ್ದೆಗೆ ಕಳಿಸಿದರೆ ಗಂಟಲಿನ ಮಾಂಸ ಸಡಿಲಗೊಂಡು ಕುಸಿಯುತ್ತದೆ. ಉಸಿರು ನಿಲ್ಲುತ್ತದೆ, ಟ್ಯೂಬ್ ಇಳಿಸಲು ದಾರಿಯೂ ಇರುವುದಿಲ್ಲ. ಆದ್ದರಿಂದ ಅವರು ಎಚ್ಚರವಾಗಿರುವಾಗಲೇ, ತಾವಾಗಿ ಉಸಿರಾಡುತ್ತಿರುವಾಗಲೇ, ಮೂಗಿನ ಮೂಲಕ ಸ್ಕೋಪ್ ಹಾಕಬೇಕು. ಪೆನ್ಸಿಲಿಗಿಂತ ಸಣ್ಣಗಿನ, ಬಳುಕುವ ಕಪ್ಪು ಕೊಳವೆ ಅದು. ತುದಿಯಲ್ಲಿ ಒಂದು ದೀಪ, ಒಂದು ಕಣ್ಣು. ಟ್ಯೂಬನ್ನು ಮೊದಲೇ ಅದರ ಮೇಲೆ ಬಳೆಯಂತೆ ಏರಿಸಿಟ್ಟಿರುತ್ತೇವೆ. ಸ್ಕೋಪಿನ ತುದಿ ಶ್ವಾಸನಾಳ ಸೇರಿದ ಮೇಲೆ ಟ್ಯೂಬನ್ನು ಅದರ ಮೇಲೆಯೇ ಜಾರಿಸಿ ಒಳಗೆ ಕಳಿಸಬೇಕು.

ಹೇಳಲು ಇಷ್ಟೇ. ಎಡಗೈಯ ಹೆಬ್ಬೆರಳಿನಿಂದ ಸಣ್ಣ ಹಿಡಿಯೊಂದನ್ನು ಒತ್ತಿದರೆ ತುದಿ ಮೇಲಕ್ಕೆ ಕೆಳಕ್ಕೆ ಬಾಗುತ್ತದೆ. ಮಣಿಕಟ್ಟು ತಿರುಗಿಸಿದರೆ ಪಕ್ಕಕ್ಕೆ ಹೊರಳುತ್ತದೆ. ಕೊಳವೆ ಜೋತುಬಿದ್ದಿದ್ದರೆ ಮಣಿಕಟ್ಟಿನ ತಿರುವು ತುದಿಯನ್ನು ಮುಟ್ಟುವುದೇ ಇಲ್ಲ. ಅದನ್ನು ನೇರವಾಗಿ ಎಳೆದು ಹಿಡಿದಿರಬೇಕು. ಮುಂದಿನ ಕತ್ತಲ ರಂಧ್ರ ಯಾವಾಗಲೂ ಪರದೆಯ ನಡುವೆ ಇರಬೇಕು. ಬರೀ ಕೆಂಪು ಕಂಡರೆ ಹಿಂದಕ್ಕೆ ಬರಬೇಕು. ಹೊಸಬರು ಇದರ ತಿರುಗುಮುರುಗು ಮಾಡುತ್ತಾರೆ. ಏನೂ ಕಾಣದಾದಾಗ ತಳ್ಳುತ್ತಾರೆ.

ಗುಂಡ್ಲುಪೇಟೆಯವನು ತಳ್ಳುವವನು. ಅವನ ಜೊತೆ ಕಲಿಯುತ್ತಿದ್ದವಳು ಊಟಿಯ ಪಕ್ಕದ ಹಟ್ಟಿಯೊಂದರ ಬಡಗ ಹುಡುಗಿ. ಅವಳದು ಬೇರೆ ತೊಂದರೆ. ನಾಲಿಗೆಯ ಬುಡದಲ್ಲಿ ಶ್ವಾಸನಾಳಕ್ಕೆ ಎಲೆಯಾಕಾರದ ಒಂದು ಮುಚ್ಚಳವಿದೆ. ಅದು ಪರದೆಯಲ್ಲಿ ಕಂಡ ಕೂಡಲೇ ಅವಳ ಕೈ ನಿಂತುಬಿಡುತ್ತಿತ್ತು. ಎಷ್ಟು ಹೊತ್ತಾದರೂ ಮುಂದೆ ಹೋಗುತ್ತಿರಲಿಲ್ಲ.

"ನೀನು ಟ್ಯೂಬ್ ಹಾಕಿ ಮುಗಿಸೋಷ್ಟರಲ್ಲಿ ರೋಗಿಗೆ ಮೊಮ್ಮಕ್ಕಳಾಗಿರ್ತಾರೆ," ಎಂದು ಅವನು.

"ನೀನು ಹಾಕಿದರೆ ಆ ಮೊಮ್ಮಕ್ಕಳು ತಿಥಿ ಊಟಕ್ಕೆ ಬರ್ತಾರೆ," ಎಂದು ಅವಳು.

ನಾನು ಅವರಿಬ್ಬರಿಗೂ ಮತ್ತೆ ಮತ್ತೆ ಹೇಳುತ್ತಿದ್ದುದು ಒಂದೇ: ಮಾತಾಡುತ್ತಿರಿ. ರೋಗಿ ಎಚ್ಚರವಾಗಿದ್ದಾನೆ, ಹೆದರಿದ್ದಾನೆ, ಮೂಗಿನೊಳಗೆ ಏನೋ ಇಳಿಯುತ್ತಿದೆ. ನಿಮ್ಮ ಸ್ಕೋಪಿಗಿಂತ ಮೊದಲು ನಿಮ್ಮ ಧ್ವನಿ ಒಳಗೆ ಹೋಗಬೇಕು. ನಾವು ಮೂವರೂ ನಮ್ಮೊಳಗೆ ಕನ್ನಡ ಆಡುತ್ತಿದ್ದೆವು. ನನ್ನದು ಗೂಡಲೂರಿನ ಕನ್ನಡ, ಅವನದು ಗುಂಡ್ಲುಪೇಟೆಯದು, ಅವಳದು ಬಡಗ ಮಾತಿಗೆ ಕನ್ನಡದ ಅಂಗಿ ತೊಡಿಸಿದ್ದು. ಹೀಗಾಗಿ ನಮ್ಮ ಬೊಂಬೆಗೂ ಕನ್ನಡ ಬರುತ್ತಿತ್ತು. ಗುಂಡ್ಲುಪೇಟೆಯವನು ಬೊಂಬೆಯ ಕಿವಿಯ ಹತ್ತಿರ ಬಾಗಿ, ಬಸ್ ಕಂಡಕ್ಟರನ ರಾಗದಲ್ಲಿ, "ಅಣ್ಣಾ, ಉಸಿರು ಎಳ್ಕೊಳ್ಳಿ. ಹಾಂ. ಈಗ ಮೆಲ್ಲಗೆ ಉಸಿರು ಬಿಡಿ," ಎನ್ನುತ್ತಿದ್ದ. ಅವನಲ್ಲಿ ತಪ್ಪಿಲ್ಲದೆ ಬರುತ್ತಿದ್ದ ಭಾಗ ಅದೊಂದೇ.

ಒಂದು ಮಧ್ಯಾಹ್ನ ಗೂಡಲೂರಿನ ಕಡೆಯ ಚಹಾ ತೋಟದ ಒಬ್ಬ ಗಾಯಾಳುವನ್ನು ತಂದರು. ಹಿಂದಿನ ದಿನ ಅವನ ಹೆಂಡತಿಯ ತಮ್ಮ ಅವನನ್ನು ಕವಾತು ಕತ್ತಿಯಿಂದ ಕಡಿದಿದ್ದ. ಚಹಾ ಗಿಡ ಸವರುವ ಕತ್ತಿ ಅದು. ಬೆರಳು ಗಾತ್ರದ ಕೊಂಬೆಯನ್ನು ಒಂದೇ ಏಟಿಗೆ ತೆಗೆಯುತ್ತದೆ. ಎಡಗಿವಿಯ ಕೆಳಗಿನಿಂದ ಗದ್ದದವರೆಗೆ ಗಾಯ, ದವಡೆ ಮುರಿದಿತ್ತು. ಅಲ್ಲಿಯ ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿ, ಹೊಲಿದು, ಮೇಲಕ್ಕೆ ಕಳಿಸಿದ್ದರು. ನಮ್ಮಲ್ಲಿಗೆ ಬರುವಷ್ಟರಲ್ಲಿ ಒಳಗೆ ರಕ್ತ ಹೆಪ್ಪುಗಟ್ಟಿ ಕುತ್ತಿಗೆ ಬಾತಿತ್ತು. ನಾಲಿಗೆ ಮೇಲಕ್ಕೆ ಒತ್ತಿಕೊಂಡಿತ್ತು. ಹಲ್ಲುಗಳ ನಡುವೆ ನನ್ನ ಕಿರುಬೆರಳೂ ತೂರಲಿಲ್ಲ. ಮಲಗಲಾರದೆ ಅವನು ಸ್ಟ್ರೆಚರಿನ ಮೇಲೆ ಮುಂದಕ್ಕೆ ಬಾಗಿ ಕುಳಿತಿದ್ದ. ಕೆಂಪು ಜೊಲ್ಲು ಎದೆಯ ಮೇಲೆ ಇಳಿಯುತ್ತಿತ್ತು. ಪ್ರತಿ ಉಸಿರಿಗೂ ಹಸಿ ಮರ ಕೊಯ್ಯುವ ಗರಗಸದ ಸದ್ದು.

ಪಕ್ಕದಲ್ಲಿ ಅವನ ಹೆಂಡತಿ. ಅವಳ ಒಂದು ಕಣ್ಣಿನ ಸುತ್ತ ಏಟಿನ ಕಲೆಯಿತ್ತು, ಹಸಿರಿನಿಂದ ಹಳದಿಗೆ ತಿರುಗಿದ್ದು. ಗಂಡನ ಗಾಯಕ್ಕಿಂತ ಅದು ಹಳೆಯದು.

"ಯಾಕೆ ಕಡಿದ?" ಎಂದು ಸರ್ಜನ್ ಕೇಳಿದರು. ಅವರದೂ ರೋಗಿಯ ಕಡೆಯವರದೂ ಮಾತೆಲ್ಲ ತಮಿಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಲೆ ತೂಕ ಹಾಕೋ ಕಡೆ, ಎಲ್ಲರ ಎದುರಿಗೆ, ಇವರು ನನ್ನ ಹೊಡೆದರು. ಅದು ಮೊದಲ ಸಲ ಅಲ್ಲ. ತಮ್ಮ ಅಲ್ಲೇ ಗಿಡ ಸವರ್ತಾ ಇದ್ದ."

ಅಷ್ಟು ಹೇಳಿ ಗಂಡನ ಎದೆಯ ಮೇಲಿನ ಜೊಲ್ಲು ಒರೆಸಿದಳು. ಗಂಡನ ಅಣ್ಣ ಸುಮ್ಮನಿರುವವನಾಗಿರಲಿಲ್ಲ. ಮಸಿನಗುಡಿಯಲ್ಲಿ ಜೀಪ್ ಓಡಿಸುವ ಅವನು ಕಲ್ಲಟ್ಟಿ ಘಾಟಿಯಲ್ಲಿ ಜನ ತುಂಬಿಕೊಂಡು ಹತ್ತಿ ಬಂದಿದ್ದ. ಕಾರಿಡಾರಿನಲ್ಲಿ ಅವಳನ್ನು ಗೋಡೆಗೆ ಒತ್ತಿ ನಿಲ್ಲಿಸಿ, "ನಿನ್ನ ತಮ್ಮನ ಕೈಗೆ ಕತ್ತಿ ಕೊಟ್ಟವಳು ನೀನು. ಇನ್ನೂ ಯಾಕೆ ನಿಂತಿದೀಯ? ಸತ್ತನೋ ಇಲ್ಲವೋ ನೋಡಿಕೊಂಡು ಹೋಗೋಕಾ?" ಎಂದ. ಸಿಸ್ಟರ್ ಹೋಗಿ ಅವನ ತೋಳು ಹಿಡಿದು ಎಳೆದರು. ಅವನು ಕೊಡವಿದ ರಭಸಕ್ಕೆ ಅವರ ಕೈಗಡಿಯಾರ ಕಿತ್ತು ನೆಲಕ್ಕೆ ಬಿತ್ತು.

"ಕೊಯಮತ್ತೂರಿಗೆ ಕಳಿಸಿಬಿಡೋಣವೇ?" ಎಂದು ಸರ್ಜನ್ ನನ್ನನ್ನು ಕೇಳಿದರು.

"ಘಾಟಿ ಇಳಿಯುವುದರೊಳಗೆ ಉಸಿರು ಕಟ್ಟುತ್ತದೆ."

ಗಾಯ ಮತ್ತೆ ತೆರೆದು ಹೆಪ್ಪು ತೆಗೆಯಬೇಕು, ದವಡೆ ಜೋಡಿಸಬೇಕು. ಅದಕ್ಕೆ ಮೊದಲು ಟ್ಯೂಬ್ ಒಳಗೆ ಹೋಗಬೇಕು. ಸರ್ಜನ್ ಗೌನ್ ತೊಟ್ಟು, ಚಾಕು ಸಿದ್ಧಮಾಡಿಕೊಂಡು ಪಕ್ಕದಲ್ಲಿ ನಿಲ್ಲುವುದೆಂದಾಯಿತು. ಸ್ಕೋಪ್ ಸೋತರೆ ಕುತ್ತಿಗೆಯಲ್ಲಿ ರಂಧ್ರ ಕೊರೆಯುವುದು. ಹಾಗೆ ಬಾತ ಕುತ್ತಿಗೆಯಲ್ಲಿ ಅದು ಕೊನೆಯ ದಾರಿ, ಒಳ್ಳೆಯ ದಾರಿಯಲ್ಲ.

ಥಿಯೇಟರಿನಲ್ಲಿ ಅವನನ್ನು ಕೂರಿಸಿಯೇ ಇಟ್ಟೆ. ಜೊಲ್ಲು ಒಣಗಲು ಇಂಜೆಕ್ಷನ್ ಕೊಟ್ಟೆ. ಮೂಗಿನ ರಕ್ತನಾಳ ಕುಗ್ಗಲು ಹನಿ ಹಾಕಿ, ಎರಡೂ ಹೊಳ್ಳೆಗಳಿಗೆ ಜೋಮು ಹಿಡಿಸುವ ಜೆಲ್ ಸವರಿದೆ. ಅದೇ ಔಷಧಿಯ ಹಬೆಯನ್ನು ಮಾಸ್ಕಿನಲ್ಲಿ ಎಳೆದುಕೊಳ್ಳಲು ಕೊಟ್ಟೆ. ಹೊರಗಿನ ಚಳಿಯಲ್ಲಿದ್ದ ಸ್ಕೋಪ್ ಬೆಚ್ಚನೆಯ ಗಂಟಲಿಗೆ ಇಳಿದರೆ ಅದರ ಕಣ್ಣು ಮಂಜಾಗುತ್ತದೆ. ಅದಕ್ಕೇ ಸಿಸ್ಟರ್ ಫ್ಲಾಸ್ಕಿನಲ್ಲಿ ಬಿಸಿನೀರು ತಂದು, ತುದಿಯನ್ನು ಅದರಲ್ಲಿ ಅದ್ದಿಟ್ಟುಕೊಂಡಿದ್ದರು. ಸ್ಕೋಪ್ ನಾನೇ ಹಿಡಿದೆ. ಹಟ್ಟಿಯವಳು ಔಷಧಿಯ ಸಿರಿಂಜುಗಳ ಹತ್ತಿರ. ಗುಂಡ್ಲುಪೇಟೆಯವನು ರೋಗಿಯ ಎದುರಿಗೆ, ಮಾತಿಗೆ. ಅವನು ಮೂರು ತಿಂಗಳಲ್ಲಿ ವಾರ್ಡಿನಲ್ಲಿ ತಿರುಗಿ ತಿರುಗಿ ತಮಿಳು ಕಲಿತಿದ್ದ. ಅದರ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು.

ಮೂಗಿನ ತಳದಲ್ಲಿ ಸ್ಕೋಪ್ ಸುಲಭವಾಗಿ ಜಾರಿತು. ಗಂಟಲಿನ ಹಿಂಗೋಡೆ ಒಂದು ಕಡೆ ಉಬ್ಬಿ ಒಳಕ್ಕೆ ಬಂದಿತ್ತು. ಕತ್ತಲ ರಂಧ್ರ ಸರಿದು ಸರಿದು ಹೋಗುತ್ತಿತ್ತು. ನನ್ನ ಕಣ್ಣು ಪರದೆಯ ಮೇಲಿತ್ತು. ಕಿವಿಯಲ್ಲಿ ಗುಂಡ್ಲುಪೇಟೆಯವನ ರಾಗ. "ಒಣ್ಣುಂ ಇಲ್ಲೆ ಅಣ್ಣಾ. ನಾಂಗ ಇರುಕ್ಕೋಂ." ಏನೂ ಇಲ್ಲ, ನಾವಿದ್ದೇವೆ. ಎಲೆಯಾಕಾರದ ಮುಚ್ಚಳದ ಅಂಚು ಕಂಡಿತು. ಇನ್ನೊಂದು ಬೆರಳಗಲ.

"ಮೆದುವಾ ಉಸುರ ವಿಡುಂಗಣ್ಣಾ," ಎಂದ ಅವನು, ಆದಷ್ಟು ಪ್ರೀತಿಯಿಂದ. "ಮೆದುವಾ ಉಸುರ ವಿಡುಂಗ."

ಪರದೆ ಕೆಂಪಾಯಿತು, ಆಮೇಲೆ ಕಪ್ಪಾಯಿತು. ಆ ಮನುಷ್ಯ ಎರಡೂ ಕೈಯಿಂದ ಸ್ಕೋಪನ್ನು ಹಿಡಿದು ತಿರುಚಿ ಕಿತ್ತಿದ್ದ. ಹಿಡಿಯ ಮೇಲಿದ್ದ ನನ್ನ ಎಡ ಹೆಬ್ಬೆರಳು ಹಿಂದಕ್ಕೆ ಮಡಚಿಕೊಂಡಿತು. ಒಳಗೇನೋ ಟಕ್ ಎಂದಿತು. ಅವನ ಮೂಗಿನಿಂದ ರಕ್ತ ಕೋಡಿಯಾಗಿ ಇಳಿಯಿತು. ಅವನು ಒದ್ದ. ಪಾದ ಗುಂಡ್ಲುಪೇಟೆಯವನ ಕೆನ್ನೆಯ ಮೂಳೆಗೆ ಬಿತ್ತು, ಅವನು ಟ್ರಾಲಿಯ ಮೇಲೆ ಉರುಳಿದ. ಟ್ರಾಲಿ ಮಗುಚಿತು. ಸಿಸ್ಟರ್ ಫ್ಲಾಸ್ಕನ್ನು ಹಿಡಿಯಲು ಬಾಗಿದರು, ಆಗಲಿಲ್ಲ. ಒಡೆದ ಗಾಜು, ಹಬೆಯಾಡುವ ನೀರು, ನೆಲದ ತುಂಬ ಸಿರಿಂಜುಗಳು.

ಹೊರಬಾಗಿಲಿನ ಗಾಜಿಗೆ ಮುಖವೊತ್ತಿ ನಿಂತಿದ್ದ ಹೆಂಡತಿ ಒಳಗೆ ನುಗ್ಗಿದಳು. ಎದ್ದು ನಿಲ್ಲುತ್ತಿದ್ದ ಗುಂಡ್ಲುಪೇಟೆಯವನ ಕೂದಲಿಗೆ ಕೈ ಹಾಕಿ ಅವನ ತಲೆಯನ್ನು ಗೋಡೆಗೆ ಬಡಿದಳು. ಬಾಗಿಲಿನ ಗಾಜು ಪುಡಿಯಾಯಿತು. ಅದು ಜೀಪಿನವರು. ಅಣ್ಣ ಮುಂದೆ, ಅವನ ಹಿಂದೆ ಇನ್ನಷ್ಟು ಜನ, ಕೆಸರಿನ ಚಪ್ಪಲಿಗಳಲ್ಲಿ. "ಹಿಡಿಯಿರಿ ಅವನನ್ನ!" ಎಂದು ಅಣ್ಣ ಕೂಗಿದ. ಅವರು ರೋಗಿಯನ್ನು ಹಿಡಿದು ಮೇಜಿನ ಮೇಲೆ ಅಂಗಾತ ಒತ್ತಿದರು. ಒಬ್ಬ ಅವನ ಮೊಣಕಾಲಿನ ಮೇಲೆ ಕುಳಿತ. ಇನ್ನೊಬ್ಬ ಬ್ಯಾಂಡೇಜ್ ಬಟ್ಟೆ ಕಿತ್ತುಕೊಂಡು ಮಣಿಕಟ್ಟುಗಳನ್ನು ಮೇಜಿನ ಕಂಬಿಗೆ ಕಟ್ಟತೊಡಗಿದ.

ಅಂಗಾತ ಮಲಗಿಸಿದ ಕೂಡಲೇ ಗರಗಸದ ಸದ್ದು ನಿಂತಿತು. ಎದೆ ಏಳುತ್ತಿತ್ತು, ಗಾಳಿ ಹೋಗುತ್ತಿರಲಿಲ್ಲ. ಆಮ್ಲಜನಕ ತೋರಿಸುವ ಯಂತ್ರದ ಬೀಪ್ ಇಳಿಯುತ್ತಾ ಇಳಿಯುತ್ತಾ ದಪ್ಪ ದನಿಗೆ ಬಂತು.

"ನಿದ್ದೆ ಇಂಜೆಕ್ಷನ್ ಕೊಟ್ಟುಬಿಡಿ ಮೇಡಂ!" ಎಂದು ಗುಂಡ್ಲುಪೇಟೆಯವನು ಅರಚಿದ. ಅವನ ಕೂದಲು ಇನ್ನೂ ಅವಳ ಮುಷ್ಟಿಯಲ್ಲಿತ್ತು.

"ಕೊಯ್ಯಲಾ?" ಎಂದರು ಸರ್ಜನ್. ಚಾಕು ಅವರ ಕೈಯಲ್ಲಿತ್ತು. ಅದನ್ನು ಕಂಡು ಆ ಮನುಷ್ಯನ ಕಣ್ಣು ಹೊರಳಿದ್ದನ್ನು ನಾನು ನೋಡಿದೆ.

"ಉಸುರ ವಿಡು ಅಂದ!" ಎಂದು ಹೆಂಡತಿ ಕಿರುಚುತ್ತಿದ್ದಳು. "ಸಾಯಿ ಅಂದ ಇವನು, ಸಾಯಿ! ಕತ್ತಿ ಎತ್ತಿದಾಗ ನನ್ನ ತಮ್ಮ ಅಂದದ್ದೂ ಇದೇ ಮಾತು!"

ಆಗ ನನಗೆ ಕೇಳಿಸಿತು. ಮೊದಲ ಸಲ ನನ್ನ ಕಿವಿ ಅದನ್ನು ಕನ್ನಡವೆಂದೇ ತೆಗೆದುಕೊಂಡಿತ್ತು. ನಮಗೆ ಉಸಿರು ಎಂದರೆ ಮೂಗಿನ ಗಾಳಿ. ತಮಿಳಿನವರ ಬಾಯಲ್ಲಿ ಉಸುರು ಎಂದರೆ ಪ್ರಾಣ. ಗಾಳಿಗೆ ಅವರದು ಬೇರೆ ಮಾತು, ಮೂಚ್ಚು. ಗುಂಡ್ಲುಪೇಟೆಯವನು ಬೊಂಬೆಗೆ ಹೇಳಿ ಹೇಳಿ ರೂಢಿಯಾದದ್ದನ್ನೇ ತಮಿಳಿಗೆ ತಿರುಗಿಸಿದ್ದ. ಮುಖ ಮುಚ್ಚಿಕೊಂಡ ಒಬ್ಬ ಗಂಡಸು 'ಅಣ್ಣಾ' ಎಂದು ಕರೆದು, ಮೆಲ್ಲಗೆ ಪ್ರಾಣ ಬಿಡಿ ಎಂದಿದ್ದ. ಹಿಂದಿನ ದಿನ ಕತ್ತಿ ಬೀಸಿದವನು ಅದನ್ನೇ ಕೂಗಿ ಹೇಳಿದ್ದ.

"ಬಿಡಿ ಅವನನ್ನ," ಎಂದೆ. ಯಾರೂ ಬಿಡಲಿಲ್ಲ. ನಾನು ಸಾಮಾನ್ಯವಾಗಿ ಕೂಗುವವಳಲ್ಲ. "ವಿಡುಂಗ! ಎಲ್ಲಾರುಂ ವಿಡುಂಗ!"

"ಬಿಟ್ಟರೆ ನಿಮ್ಮನ್ನೇ ಹೊಡೀತಾನೆ ಡಾಕ್ಟರಮ್ಮಾ," ಎಂದ ಅಣ್ಣ.

"ಹೊಡೆಯಲಿ. ಹೀಗೆ ಮಲಗಿಸಿದರೆ ಸಾಯ್ತಾನೆ. ಅವನನ್ನ ಕೊಲ್ತಾ ಇರೋದು ನಿಮ್ಮ ಕೈ."

ಅಣ್ಣ ತನ್ನ ಕೈ ನೋಡಿಕೊಂಡ. ನಾನು ಕತ್ತರಿ ತೆಗೆದುಕೊಂಡು ಬ್ಯಾಂಡೇಜ್ ಕತ್ತರಿಸಿದೆ. ಹಟ್ಟಿಯವಳು ಹಿಂದಿನಿಂದ ಅವನ ತೋಳಿನ ಕೆಳಗೆ ಭುಜ ಕೊಟ್ಟು ಎತ್ತಿ ಕೂರಿಸಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಗರಗಸ ಮತ್ತೆ ಶುರುವಾಯಿತು. ಅಷ್ಟು ಇಂಪಾದ ಸದ್ದನ್ನು ನಾನು ಆ ಕೋಣೆಯಲ್ಲಿ ಕೇಳಿರಲಿಲ್ಲ.

ಜೀಪಿನವರನ್ನು ಹೊರಗೆ ಕಳಿಸಿದೆ. ಹೆಂಡತಿಯನ್ನು ಇರಲು ಹೇಳಿದೆ. "ಅವಳಾ?" ಎಂದ ಅಣ್ಣ. "ಅವಳೇ," ಎಂದೆ. ಸರ್ಜನ್‌ಗೆ ಚಾಕುವನ್ನು ಬಟ್ಟೆಯ ಕೆಳಗೆ ಇಡಲು ಹೇಳಿದೆ. ಅವರಿಗೆ ಅದು ಇಷ್ಟವಾಗಲಿಲ್ಲ. "ಇನ್ನೊಂದೇ ಸಲ," ಎಂದರು. "ಇದಾಗದಿದ್ದರೆ ನಾನು ನಿಮ್ಮನ್ನು ಕೇಳುವುದಿಲ್ಲ."

ಗುಂಡ್ಲುಪೇಟೆಯವನಿಗೆ ಮಾಸ್ಕ್ ತೆಗೆಯಲು ಹೇಳಿದೆ. ತೆಗೆದ. ಕೆನ್ನೆ ಆಗಲೇ ಊದಿತ್ತು, ತುಟಿ ಒಡೆದಿತ್ತು. ರೋಗಿಗೆ ತಮಿಳಿನಲ್ಲಿ ಹೇಳಿದೆ: "ಇವನ ಊರು ಗುಂಡ್ಲುಪೇಟೆ. ಅಲ್ಲಿ ಮೂಚ್ಚಿಗೆ ಉಸಿರು ಅಂತಾರೆ. ಉಸಿರಾಡಿ ಅಂತ ಹೇಳಿದ್ದು. ಸಾಯಿ ಅಂತ ಅಲ್ಲ."

ಅವನು ಗುಂಡ್ಲುಪೇಟೆಯವನ ಮುಖವನ್ನು ಬಹಳ ಹೊತ್ತು ನೋಡಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ.

ರಕ್ತ ಹೀರುವ ಪೈಪನ್ನು ತೆಗೆದು ಅವನ ಎಡಗೈಗೇ ಕೊಟ್ಟೆ. ತುಟಿಯ ಸಂದಿಯಲ್ಲಿ ಇಟ್ಟುಕೊಂಡು ಬೇಕಾದಾಗ ಬೇಕಾದಷ್ಟು ಹೀರಿಕೊಳ್ಳಬಹುದು. ಬಲಗೈ ಖಾಲಿ ಇರಲಿ ಎಂದೆ. "ಸಾಕು ಅನ್ನಿಸಿದರೆ ಕೈ ಎತ್ತಿ. ನಾವು ಆ ಕ್ಷಣ ನಿಲ್ಲಿಸ್ತೀವಿ."

ಅವನು ತಕ್ಷಣ ಬಲಗೈ ಎತ್ತಿದ. ಪಕ್ಕದಲ್ಲಿದ್ದ ಹೆಂಡತಿ ಕುತ್ತಿಗೆ ಕುಗ್ಗಿಸಿ ಕಣ್ಣು ಮುಚ್ಚಿಕೊಂಡಳು. ಅಂಗೈ ಅವಳ ಕಡೆಗಿರಲಿಲ್ಲ, ನಮ್ಮ ಕಡೆಗಿತ್ತು. ನಾವೆಲ್ಲ ಒಂದು ಹೆಜ್ಜೆ ಹಿಂದೆ ಸರಿದೆವು: ನಾನು, ಸಿಸ್ಟರ್, ಇಬ್ಬರು ಹೊಸಬರು, ಸರ್ಜನ್ ಕೂಡ. ಅವನು ಕೈ ಇಳಿಸಿದ. ನಮ್ಮನ್ನು ಪರೀಕ್ಷಿಸುತ್ತಿದ್ದ.

ಸ್ಕೋಪನ್ನು ಒರೆಸಿ ನೋಡಿದೆ. ದೀಪವಿತ್ತು, ಚಿತ್ರವಿತ್ತು. ಹಿಡಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿದೆ. ಮೊಣಕೈವರೆಗೆ ನೋವು ಸಿಡಿಯಿತು; ತುದಿ ಒಂದಿಷ್ಟೂ ಬಾಗಲಿಲ್ಲ. ಬಲಗೈಗೆ ಬದಲಾಯಿಸಿ ನೋಡಿದೆ. ತುದಿ ನಾನು ಬಯಸಿದ್ದಕ್ಕೆ ವಿರುದ್ಧ ದಿಕ್ಕಿಗೆ ಹೋಯಿತು. ಆ ಕಟ್ಟಡದಲ್ಲಿ ಸ್ಕೋಪ್ ಹಿಡಿದು ಗೊತ್ತಿದ್ದವರು ಇನ್ನಿಬ್ಬರೇ. ಅವರು ಹಿಡಿದದ್ದೂ ಬೊಂಬೆಯ ಮೇಲೆ.

"ನಾನು ಮಾಡ್ತೀನಿ ಮೇಡಂ," ಎಂದ ಗುಂಡ್ಲುಪೇಟೆಯವನು. ಸ್ಕೋಪಿಗೆ ಕೈ ಚಾಚಿದ. ಮುಖದಲ್ಲಿ ಸಿಟ್ಟಿತ್ತು.

ಸ್ಕೋಪನ್ನು ಹಟ್ಟಿಯವಳಿಗೆ ಕೊಟ್ಟೆ.

"ಮೇಡಂ, ನಾನು ನಿಧಾನ," ಎಂದಳು ಅವಳು.

"ಗೊತ್ತು." ಗುಂಡ್ಲುಪೇಟೆಯವನ ಕಡೆ ತಿರುಗಿದೆ. "ನೀವು ಮಾತಾಡಿ."

"ನಾನಾ? ಇನ್ನೂನಾ?"

"ನಿಮ್ಮ ಬಾಯಿಂದಲೇ ಅವನು ಕೇಳಬೇಕು. ಒಂದೇ ಮಾತು ಸಾಕು. ಮೂಚ್ಚು."

ಎಡ ಹೊಳ್ಳೆಯಲ್ಲಿ ರಕ್ತವಿತ್ತು, ಬಲದಲ್ಲಿ ಇಳಿಸಿದಳು. ನಾನು ಅವಳ ಭುಜದ ಹಿಂದೆ ನಿಂತೆ. ಕೊಳವೆಯನ್ನು ನೇರವಾಗಿ ಹಿಡಿದಿದ್ದಳು. ಗಂಟಲಿನ ತಿರುವಿನಲ್ಲಿ ರಕ್ತದ ಮಡು. ಅವನು ಕೈ ಎತ್ತಿದ. ಅವಳು ನಿಂತಳು. ಅವನು ಪೈಪ್ ಒತ್ತಿ ಗೊರಗೊರ ಎಂದು ಹೀರಿಕೊಂಡ, ಉಗುಳು ನುಂಗಿದ, ಕೈ ಇಳಿಸಿದ. ಅವಳು ಮುಂದೆ ಹೋದಳು.

ಎಲೆಯಾಕಾರದ ಮುಚ್ಚಳ ಕಂಡಿತು. ಎಂದಿನಂತೆ ಅವಳ ಕೈ ನಿಂತಿತು. ಪರದೆಯ ಮೇಲೆ ಮಂಜು ಕವಿಯಿತು. ಬಿಸಿನೀರು ನೆಲದ ಮೇಲಿತ್ತು. ಎಲ್ಲವೂ ಬೂದು. ಬೀಪ್ ಮತ್ತೆ ಇಳಿಯತೊಡಗಿತು. ಸರ್ಜನ್ ಬಟ್ಟೆಯ ಕೆಳಗೆ ಕೈ ಹಾಕಿದ್ದು ಕಣ್ಣಂಚಿನಲ್ಲಿ ಕಂಡಿತು. ತಳ್ಳು ಎಂದು ನನ್ನ ಬಾಯಿಗೇ ಬಂದಿತ್ತು.

"ಬಿಸಿಯಾಗ್ತಿದೆ ಮೇಡಂ," ಎಂದಳು ಅವಳು ಮೆಲ್ಲಗೆ. "ಅವರ ಮೈಯ ಬಿಸಿಗೇ ಆಗುತ್ತೆ. ಸ್ವಲ್ಪ ಇರಿ."

ಇದ್ದೆವು. ಬೂದು ತೆಳುವಾಯಿತು. ಮೊದಲು ಅಂಚುಗಳು, ಆಮೇಲೆ ನಡುವೆ. ಮುಚ್ಚಳದ ಕೆಳಗೆ ಎರಡು ಬಿಳಿಯ ಪಟ್ಟಿಗಳು ಕಂಡವು, ಧ್ವನಿತಂತುಗಳು, ಒಂದಕ್ಕೊಂದು ಅಂಟಿಕೊಂಡು ನಡುಗುತ್ತಿದ್ದವು. ಹೆದರಿದವನ ಗಂಟಲು ಹೀಗೆಯೇ ಬಾಗಿಲು ಹಾಕಿಕೊಳ್ಳುತ್ತದೆ. ಹಟ್ಟಿಯವಳು ಕೊಳವೆಯೊಳಗಿನಿಂದ ಜೋಮು ಹಿಡಿಸುವ ಔಷಧಿ ಸಿಂಪಡಿಸಿದಳು. ಅವನು ಕೆಮ್ಮಿದ. ಕೈ ಅರ್ಧ ಎದ್ದಿತು. ಹೆಂಡತಿ ಆ ಕೈಯನ್ನು ಹಿಡಿಯಲಿಲ್ಲ. ಅದರ ಕೆಳಗೆ ತನ್ನ ಅಂಗೈ ಇಟ್ಟು ಸುಮ್ಮನಿದ್ದಳು. ಅದು ಅವಳ ಅಂಗೈ ಮೇಲೆ ಇಳಿಯಿತು.

"ಮೂಚ್ಚು ಇಳುಂಗಣ್ಣಾ," ಎಂದ ಗುಂಡ್ಲುಪೇಟೆಯವನು. ಒಡೆದ ತುಟಿಯಿಂದ ಮಾತು ತೊದಲಿತು. "ಮೂಚ್ಚು. ಮೂಚ್ಚು ಮಟ್ಟುಂ."

ಉಸಿರು ಎಳೆಯಿರಿ, ಬರೀ ಉಸಿರು. ಬಿಳಿಯ ಪಟ್ಟಿಗಳು ಬೇರೆಯಾದವು. ಅವುಗಳ ನಡುವೆ ಕತ್ತಲು, ಸರಿಯಾಗಿ ಪರದೆಯ ಮಧ್ಯದಲ್ಲಿ. ಅವಳು ಒಳಗೆ ಹೋದಳು. ಶ್ವಾಸನಾಳದ ಬಳೆಗಳು ಒಂದರ ಹಿಂದೆ ಒಂದು ತೆರೆದುಕೊಂಡವು.

ಟ್ಯೂಬ್ ಜಾರಿಸುವಾಗ ಅದು ಅರ್ಧದಲ್ಲಿ ಸಿಕ್ಕಿಕೊಂಡಿತು. ಅವಳ ಮಣಿಕಟ್ಟು ಬಿಗಿಯಾಯಿತು. ನಾನು ಬಾಯಿ ತೆರೆಯುವ ಮೊದಲೇ ಎದುರಿನಿಂದ ಗುಂಡ್ಲುಪೇಟೆಯವನು, "ತಳ್ಳಬೇಡ ಮಾರಾಯ್ತಿ! ಹಿಂದಕ್ಕೆ ತಂದು ಎಡಕ್ಕೆ ತಿರುಗಿಸು!" ಎಂದ. ತಿರುಗಿಸಿದಳು. ಹೋಯಿತು. ಯಂತ್ರದ ಮೇಲೆ ಹೊರಬಿಟ್ಟ ಉಸಿರಿನ ಗೆರೆ ಗುಡ್ಡದಂತೆ ಎದ್ದು ಇಳಿಯಿತು, ಮತ್ತೆ ಎದ್ದಿತು. ಆಮೇಲೆಯೇ ನಿದ್ದೆಯ ಔಷಧಿ ಕೊಟ್ಟೆ. ಅವನ ಕಣ್ಣು ಮುಚ್ಚಿದ ಮೇಲೆ ಹಟ್ಟಿಯವಳು ನೆಲದ ಮೇಲೆ, ಒಡೆದ ಗಾಜಿನ ಪಕ್ಕದಲ್ಲೇ, ಕುಳಿತುಬಿಟ್ಟಳು.

ಹೊರಗೆ ಪೊಲೀಸರು ಬಂದಿದ್ದರು. ಬಾಗಿಲಿನ ಗಾಜನ್ನು ಯಾರು ಒಡೆದರೆಂದು ಕೇಳುತ್ತಿದ್ದರು. ಯಾರೂ ಹೇಳುತ್ತಿರಲಿಲ್ಲ.

ಟ್ಯೂಬ್ ತೆಗೆದು ಅವನನ್ನು ವಾರ್ಡಿಗೆ ಕಳಿಸಿದ ಮೇಲೆ ಒಂದು ಬೆಳಿಗ್ಗೆ ನಾವು ಮೂವರೂ ನೋಡಲು ಹೋದೆವು. ನನ್ನ ಹೆಬ್ಬೆರಳಿಗೆ ಪಟ್ಟಿ ಕಟ್ಟಿತ್ತು. ಅವನ ಮೇಲಿನ ಕೆಳಗಿನ ಹಲ್ಲುಗಳನ್ನು ತಂತಿಯಿಂದ ಕಟ್ಟಿದ್ದರು. ಮಾತು ಹಲ್ಲಿನ ಸಂದಿಯಲ್ಲಿ ಸೋರಿ ಬರುತ್ತಿತ್ತು. ಹೆಂಡತಿ ಲೋಟದಿಂದ ಗಂಜಿ ತಿಳಿಯನ್ನು ಸ್ಟ್ರಾ ಹಾಕಿ ಕುಡಿಸುತ್ತಿದ್ದಳು. ಅವಳ ಕಣ್ಣಿನ ಸುತ್ತಲ ಕಲೆ ಹೆಚ್ಚುಕಡಿಮೆ ಮಾಸಿತ್ತು.

ಗುಂಡ್ಲುಪೇಟೆಯವನು ಅವನ ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು ಬಾಯಿ ತೆರೆದ, ಮುಚ್ಚಿದ. ಯಾವ ಮಾತು ಹೇಳಬೇಕೆಂದು ಯೋಚಿಸುತ್ತಿದ್ದನೆಂದು ಕಾಣುತ್ತದೆ.

ತಂತಿಯ ಹಿಂದಿನಿಂದ ರೋಗಿಯೇ ಕೇಳಿದ: "ಇಪ್ಪೋ ಉಸುರ ವಿಡಲಾಮಾ, ಡಾಕ್ಟರ್?"

ಈಗ ಪ್ರಾಣ ಬಿಡಬಹುದಾ? ಹಟ್ಟಿಯವಳು ಕಿಟಕಿಯ ಕಡೆ ತಿರುಗಿದಳು. ಅವಳ ಬೆನ್ನು ಅಲುಗುತ್ತಿತ್ತು. ಗುಂಡ್ಲುಪೇಟೆಯವನ ಕಿವಿ ಕೆಂಪಾಯಿತು.

"ಬೇಡ ಅಣ್ಣಾ," ಎಂದ. "ಮೂಚ್ಚು ಮಟ್ಟುಂ."

ಆಗ ರೋಗಿಯ ಅಣ್ಣ ಒಳಗೆ ಬಂದ. ಜೀಪಿನ ಕೀಲಿ ಬೆರಳಿನಲ್ಲಿ ತಿರುಗುತ್ತಿತ್ತು. ನಮಗೆ ಕೈ ಮುಗಿದ. ತಮ್ಮನ ಮಂಚದ ಕಾಲದೆಸೆಯಲ್ಲಿ ನಿಂತು, ಅವನ ಹೆಂಡತಿಯನ್ನು ನೋಡಿಕೊಂಡು, ತಮ್ಮನಿಗೆ ಹೇಳತೊಡಗಿದ. ಅವಳ ತಮ್ಮ ಇನ್ನೂ ಪೊಲೀಸರಿಗೆ ಸಿಕ್ಕಿಲ್ಲ. ಸಿಗುವುದೂ ಬೇಡ. ಎಲ್ಲಿ ಅಡಗಿದ್ದಾನೆಂದು ತನಗೆ ಗೊತ್ತಾಗಿದೆ. ಹುಡುಗರು ಸಿದ್ಧವಾಗಿದ್ದಾರೆ, ಜೀಪ್ ಕೆಳಗೆ ನಿಂತಿದೆ. "ಅವನ್ ಉಸುರ ಎಡುಕ್ಕಾಮ ವಿಡಮಾಟ್ಟೇನ್," ಎಂದ. ಪ್ರಾಣ ತೆಗೆಯದೆ ಬಿಡುವುದಿಲ್ಲ. ಈ ಸಲ ಆ ಮಾತಿಗೆ ಒಂದೇ ಅರ್ಥವಿತ್ತು.

ಮಂಚದ ಮೇಲಿದ್ದವನು ಬಲಗೈ ಎತ್ತಿದ.

ನನಗೆ ಅರಿವಿಲ್ಲದೆಯೇ ನಾನು ಒಂದು ಹೆಜ್ಜೆ ಹಿಂದೆ ಸರಿದಿದ್ದೆ. ಹಟ್ಟಿಯವಳೂ ಸರಿದಿದ್ದಳು. ಆ ದಿನ ಈ ಮಾತಾದಾಗ ಅಣ್ಣ ಹೊರಗಿದ್ದ, ಅವನಿಗೆ ಆ ಕೈ ಏನೆಂದು ಗೊತ್ತಿರಲಿಲ್ಲ. ಅವನು ಮಾತು ಮುಂದುವರಿಸಿದ.

"ಕೈ ಎತ್ತಿದಾರೆ," ಎಂದ ಗುಂಡ್ಲುಪೇಟೆಯವನು ತನ್ನ ಒರಟು ತಮಿಳಿನಲ್ಲಿ. "ನಿಲ್ಲಿಸಬೇಕು."

"ಏನು?"

"ಕೈ ಎತ್ತಿದರೆ ನಿಲ್ಲಿಸಬೇಕು. ಹಾಗಂತ ಮಾತಾಗಿದೆ."

ಅಣ್ಣ ಅವನನ್ನು ನೋಡಿದ, ನನ್ನನ್ನು ನೋಡಿದ. ಕೀಲಿ ತಿರುಗುವುದು ನಿಂತಿತು. ಆ ಕೈ ಕೆಳಗಿಳಿಯಲಿಲ್ಲ. ಹೆಂಡತಿ ಅಷ್ಟರಲ್ಲಾಗಲೇ ಲೋಟವನ್ನು ಎದೆಗೆ ಒತ್ತಿಕೊಂಡು ಕುತ್ತಿಗೆ ಕುಗ್ಗಿಸಿ ಕಣ್ಣು ಮುಚ್ಚಿದ್ದಳು. ಏಟು ಬೀಳಲಿಲ್ಲ. ಒಂದು ಕಣ್ಣು ತೆರೆದು, ಆ ಕೈ ಯಾರ ಕಡೆಗಿದೆ ಎಂದು ನೋಡಿದಳು.